ತೊಣ್ಣೂರಿಗೆ 192 ಮಿಣುಕು



ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಯಾವ ಊರಿಗೆ ಹೋದರೂ ಬೆಳಗಿನ ಹೊತ್ತು ಡೇರಿ ಮುಂದೆ ಸಾಲು ಇರುತ್ತದೆ. ಕ್ಯಾನು ಹಿಡಿದು ನಿಂತವರಲ್ಲಿ ಸ್ಕೂಲಿಗೆ ಹೋಗುವ ಮಕ್ಕಳೂ ಸೇರಿರುತ್ತಾರೆ. ಹಾಲು ಸುರಿದ ಕೂಡಲೇ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಕೆಂಪು ಅಂಕಿ ಮೂಡುತ್ತದೆ. ಅದರದೇ ಒಂದಿಷ್ಟು ಸ್ಯಾಂಪಲ್ಲನ್ನು ಪಕ್ಕದ ಯಂತ್ರ ನಳಿಕೆಯಲ್ಲಿ ಹೀರಿಕೊಂಡು ಫ್ಯಾಟು ಇಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ) ಇಷ್ಟು ಎಂದು ತೋರಿಸುತ್ತದೆ. ಇಂಥ ಯಂತ್ರಗಳಲ್ಲಿ ಹಲವು ಹಾಲಿನೊಳಗೆ ಕಿವಿಗೆ ಕೇಳದಷ್ಟು ಹೆಚ್ಚಿನ ಆವರ್ತನದ ಶಬ್ದದ ಅಲೆ ಹಾಯಿಸಿ, ಅದು ದಾಟುವ ವೇಗದಿಂದ ಕೊಬ್ಬಿನಂಶವನ್ನು ಲೆಕ್ಕ ಹಾಕುತ್ತವೆ. ಕಂಪ್ಯೂಟರು ಬಂದಿರುವ ಸಂಘಗಳಲ್ಲಿ ಲೆಕ್ಕದ ಚೀಟಿಯೂ ಅಲ್ಲೇ ಕೈಗೆ ಬರುತ್ತದೆ.

ಇನ್ನೊಂದು ಪೆಟ್ಟಿಗೆ ಗದ್ದೆಯ ಬದಿಯ ಪಂಪ್‌ಸೆಟ್ ಮನೆಯಲ್ಲಿದೆ. ರೈತರ ಬಾಯಲ್ಲಿ ಅದು ಮೊಬೈಲ್ ಸ್ಟಾರ್ಟರ್. ತ್ರೀ ಫೇಸ್ ಕರೆಂಟು ಯಾವ ಅವೇಳೆಯಲ್ಲಿ ಬಂದರೂ ಸರಿ, ಜಗಲಿ ಮೇಲೆ ಕೂತು ಒಂದು ಕರೆ ಮಾಡಿ, ಒಂದು ಅಂಕಿ ಒತ್ತಿದರೆ ದೂರದ ಮೋಟರು ಓಡತೊಡಗುತ್ತದೆ. ಪುಣೆಯ ಸಂತೋಷ್ ಓಸ್ತ್ವಾಲ್ ಇಂಥದ್ದೊಂದು ಸಾಧನವನ್ನು ‘ನ್ಯಾನೋ ಗಣೇಶ್’ ಎಂಬ ಹೆಸರಿನಲ್ಲಿ ರೈತರಿಗೆ ತಂದುಕೊಟ್ಟರು. ಮೋಟರು ಹಾಕಲು ರಾತ್ರಿ ಹೊತ್ತು ಹೊಲಕ್ಕೆ ನಡೆಯುತ್ತಿದ್ದ ಅಜ್ಜನ ಪಾಡು ಕಂಡದ್ದೇ ಅವರಿಗೆ ಪ್ರೇರಣೆ. ಈಗ ಅಂಥ ಪೆಟ್ಟಿಗೆಗಳು ಹಲವು ಕಂಪನಿಗಳಿಂದ ಬರುತ್ತವೆ.

“ತಾತ, ಫೋನ್ ಮಾಡಿದ್ರೆ ಮೋಟ್ರು ಹೆಂಗೆ ಆನ್ ಆಯ್ತದೆ?” ಎಂದು ಆರನೇ ಕ್ಲಾಸಿನ ಮೊಮ್ಮಗ ಕೇಳಿದರೆ, “ಅದ್ರೊಳ್ಗೆ ಸಿಮ್ ಅದೆ ಕಣ್ಲ” ಎಂಬ ಉತ್ತರ ಬರುತ್ತದೆ. ತಾತ ಹೇಳಿದ್ದು ಸರಿಯೇ. ಆದರೆ ಸಿಮ್ಮಿಗೂ ಮೋಟರಿಗೂ ನಡುವೆ ಇರುವುದೇನು? ಫೋನಿನ ಪ್ರತಿ ಅಂಕಿಗೂ ಎರಡು ಸ್ವರಗಳ ಒಂದೊಂದು ಜೋಡಿ ಉಂಟು. ಪೆಟ್ಟಿಗೆಯೊಳಗಿನ ಚಿಪ್ ಆ ಜೋಡಿಯನ್ನು ಗುರುತಿಸಿ, ಕೆಲವೇ ವೋಲ್ಟಿನ ಕರೆಂಟನ್ನು ರಿಲೇ ಎಂಬ ವಿದ್ಯುತ್ ಸ್ವಿಚ್ಚಿಗೆ ಬಿಡುತ್ತದೆ. ರಿಲೇ ಟಕ್ ಎಂದು ಕೂತು ಸ್ಟಾರ್ಟರಿನ ಕಾಯಿಲ್ಲಿಗೆ ಕರೆಂಟು ಕೊಡುತ್ತದೆ. ಕಾಯಿಲ್ ಎಳೆದುಕೊಂಡ ಕಾಂಟ್ಯಾಕ್ಟರು 415 ವೋಲ್ಟಿನ ಮೂರು ಫೇಸನ್ನೂ ಮೋಟರಿಗೆ ಮುಟ್ಟಿಸುತ್ತದೆ.

ಇದರಲ್ಲಿ ಮೊದಲರ್ಧ ನೆಟ್‌ವರ್ಕು, ಉಳಿದರ್ಧ ಎಲೆಕ್ಟ್ರಾನಿಕ್ಸು. ಪಂಪ್‌ಸೆಟ್ ಮನೆಯಲ್ಲಿ ಒಂದೇ ಡಬ್ಬಿಯಲ್ಲಿ ಕೂತಿರುವ ಇವೆರಡೂ ಶಾಲೆಗೆ ಬಂದಾಗ ಬೇರೆಯಾಗುತ್ತವೆ. ಕರೆಂಟಿನ ಪಾಠ ವಿಜ್ಞಾನದ ಮೇಷ್ಟ್ರ ಪಾಲಿಗೆ, ಕಂಪ್ಯೂಟರು ಬೀಗ ಹಾಕಿದ ಲ್ಯಾಬಿನ ಪಾಲಿಗೆ. ಇವೆರಡನ್ನೂ ಒಂದೇ ಪಾಠವಾಗಿ, ಆರರಿಂದ ಎಂಟನೇ ತರಗತಿಯೊಳಗೆ, ಕನ್ನಡದಲ್ಲೇ, ಮಕ್ಕಳ ಕೈಯಿಂದಲೇ ಮಾಡಿಸಬಹುದು ಎಂಬುದು ಈ ಹೊತ್ತಿನ ಮಾತು.

ಮೊದಲ ದಿನಕ್ಕೆ ಬೇಕಾದ ಸಾಮಾನು ಅಂಗೈಯಲ್ಲಿ ಹಿಡಿಯುವಷ್ಟು. 9 ವೋಲ್ಟಿನ ಒಂದು ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 470 ಓಮ್‌ನ ಒಂದು ರೆಸಿಸ್ಟರು, ಎರಡು ತುಂಡು ತಂತಿ. ರೆಸಿಸ್ಟರಿನ ಮೈಮೇಲೆ ಹಳದಿ, ನೇರಳೆ, ಕಂದು ಪಟ್ಟಿಗಳಿರುತ್ತವೆ. ಹಳದಿ ಎಂದರೆ 4, ನೇರಳೆ ಎಂದರೆ 7, ಕಂದು ಎಂದರೆ ಮುಂದೆ ಒಂದು ಸೊನ್ನೆ. ಎಲ್‌ಇಡಿಯ ಉದ್ದ ಕಾಲನ್ನು ಪ್ಲಸ್ ಕಡೆಗೆ ಕೊಟ್ಟರೆ ದೀಪ ಹತ್ತುತ್ತದೆ. ತಿರುಗಿಸಿ ಕೊಟ್ಟರೆ ಹತ್ತುವುದಿಲ್ಲ. ಆರನೇ ತರಗತಿಯ ಪಾಠದಲ್ಲಿ ಬರುವ ಟಾರ್ಚ್ ಬಲ್ಬು ಯಾವ ಕಡೆಯಿಂದ ಕೊಟ್ಟರೂ ಉರಿಯುತ್ತದೆ, ಇದು ಮಾತ್ರ ಹಟ ಹಿಡಿಯುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಈ ಗುಣದಿಂದಲೇ ಎಲೆಕ್ಟ್ರಾನಿಕ್ಸಿನ ಪಾಠ ಶುರುವಾಗುತ್ತದೆ.

ಇನ್ನು ರೆಸಿಸ್ಟರು ಯಾಕೆ? ಇದೇ ತಾಲ್ಲೂಕಿನ ತೊಣ್ಣೂರಿನ ಮಕ್ಕಳಿಗೆ ಇದನ್ನು ಹೇಳಲು ಕೆರೆಯೇ ಸಾಕು. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಆ ಕೆರೆಯಲ್ಲಿ ನೀರು ಎಷ್ಟು ಎತ್ತರ ನಿಂತಿದೆಯೋ ತೂಬಿನಲ್ಲಿ ಅಷ್ಟು ರಭಸ. ತೂಬಿನ ಕಿಂಡಿ ಎಷ್ಟು ಕಿರಿದೋ ಹರಿವು ಅಷ್ಟು ಕಡಿಮೆ. ವೋಲ್ಟೇಜು ನೀರಿನ ಎತ್ತರ, ರೆಸಿಸ್ಟರು ಕಿಂಡಿ. ಈಗ ಲೆಕ್ಕಕ್ಕೆ ಬಂದರೆ, ಬ್ಯಾಟರಿಯ 9 ವೋಲ್ಟಿನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟನ್ನು ತಾನು ಇಟ್ಟುಕೊಳ್ಳುತ್ತದೆ. ಮಿಕ್ಕ 7ನ್ನು 470ರಿಂದ ಭಾಗಿಸಿದರೆ ಸುಮಾರು 15 ಮಿಲಿ ಆಂಪಿಯರ್. ಸಾಧಾರಣ ಎಲ್‌ಇಡಿ ತಡೆಯುವುದು 20ರ ಆಸುಪಾಸು. ಭಾಗಾಕಾರ ಬಲ್ಲ ಮಗು ಈ ಲೆಕ್ಕವನ್ನು ತಾನೇ ಮಾಡುತ್ತದೆ. ಮಕ್ಕಳನ್ನು ದೂರ ನಿಲ್ಲಿಸಿ, ರೆಸಿಸ್ಟರು ಇಲ್ಲದೆ ಒಂದು ಎಲ್‌ಇಡಿಯನ್ನು ಮೇಷ್ಟ್ರು ಬೇಕೆಂದೇ ಸುಟ್ಟು ತೋರಿಸಿದರೆ ಈ ಲೆಕ್ಕದ ಹಿಂದಿನ ಓಮ್‌ನ ನಿಯಮ ಮತ್ತೆ ಮರೆಯುವುದಿಲ್ಲ. ಹೋಗುವುದು ಒಂದೆರಡು ರೂಪಾಯಿಯ ಮಾಲು.

ಎರಡನೆಯ ಪಾಠಕ್ಕೆ ಬೇಕಾದ್ದು ತಂತಿಯ ಉದ್ದ ಮಾತ್ರ. ಅದೇ ಬ್ಯಾಟರಿ, ಸ್ವಿಚ್ಚು ವರಾಂಡದ ಈ ತುದಿಯಲ್ಲಿ. ಎಲ್‌ಇಡಿ ಆ ತುದಿಯಲ್ಲಿ. ಈ ಕಡೆಯ ಹುಡುಗಿ ಒತ್ತಿದರೆ ಆ ಕಡೆಯ ಹುಡುಗನಿಗೆ ಮಿಣುಕು ಕಾಣುತ್ತದೆ. ಒಂದು ಮಿಣುಕು ‘ಹೌದು’, ಎರಡು ‘ಇಲ್ಲ’. ಅಲ್ಲಿಗೆ ಸಂದೇಶ ಹೊರಟಿತು, ತಕರಾರೂ ಶುರುವಾಯಿತು. ಮೊದಲು ಯಾರು ಮಾತಾಡಬೇಕು? ಮಾತು ಮುಗಿಯಿತು ಎಂದು ಗೊತ್ತಾಗುವುದು ಹೇಗೆ? ಒಂದು ಮಿಣುಕು ಕಣ್ತಪ್ಪಿದರೆ ಮತ್ತೆ ಕೇಳುವುದು ಹೇಗೆ? ಜಗಳವಾಡಿ ಮಕ್ಕಳು ತಾವೇ ಒಂದು ಕಟ್ಟುಪಾಡು ಮಾಡಿಕೊಳ್ಳುತ್ತಾರೆ. ಕಂಪ್ಯೂಟರಿನವರು ಪ್ರೋಟೋಕಾಲ್ ಎನ್ನುವುದು ಇಂಥ ಕಟ್ಟುಪಾಡಿಗೇ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ, ಇಂದಿನ ಇಂಟರ್‌ನೆಟ್ಟಿನ ಹಿರಿಯಣ್ಣನಾದ ಅರ್ಪಾನೆಟ್‌ನ ಮೊದಲ ಸಂದೇಶ ಹೋಗಬೇಕಿತ್ತು. ಕಳಿಸಬೇಕೆಂದಿದ್ದ ಪದ ‘ಲಾಗಿನ್’. ಅದರ ಮೊದಲೆರಡು ಅಕ್ಷರ ತಲುಪುವಷ್ಟರಲ್ಲಿ ಆ ಕಡೆಯ ಯಂತ್ರ ಕುಸಿದು ಬಿತ್ತು. ವರಾಂಡದ ಮಕ್ಕಳು ಒಂದೆರಡು ಸಲ ತಪ್ಪಿದರೆ ಬೇಸರಪಡಬೇಕಾಗಿಲ್ಲ.

ಮಿಣುಕಿನಲ್ಲಿ ಕನ್ನಡ ಬರೆಯುವುದು ಹೇಗೆ? ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತ ಚಿಹ್ನೆಗೂ ಒಂದೊಂದು ಸಂಖ್ಯೆ ಇದೆ. ಇಂಟರ್‌ನೆಟ್ಟಿನಲ್ಲಿ ಹೋಗುವಾಗ ಅದು ಸಾಮಾನ್ಯವಾಗಿ ಮೂರು ಬೈಟ್ ಆಗುತ್ತದೆ, ಅಂದರೆ 24 ಬಿಟ್. ‘ತ’ ಅಕ್ಷರ ತಂತಿಯಲ್ಲಿ ಹೊರಡುವುದು ಹೀಗೆ: 11100000 10110010 10100100. ಒಂದು ಬಂದರೆ ದೀಪ ಹೊತ್ತಿಸು, ಸೊನ್ನೆ ಬಂದರೆ ಆರಿಸು. ‘ತೊಣ್ಣೂರು’ ಎಂಬುದನ್ನು ಬಿಡಿಸಿದರೆ ತ, ಒತ್ವ, ಣ, ಹಲಂತ, ಮತ್ತೊಂದು ಣ, ಊತ್ವ, ರ, ಉತ್ವ, ಒಟ್ಟು ಎಂಟು. ಎಂಟನ್ನು 24ರಿಂದ ಗುಣಿಸಿದರೆ 192. ಸೆಕೆಂಡಿಗೊಂದರಂತೆ ಕಳಿಸಿದರೆ ಊರಿನ ಹೆಸರು ವರಾಂಡ ದಾಟಲು 3 ನಿಮಿಷ 12 ಸೆಕೆಂಡು ಬೇಕು. ಏಳನೇ ತರಗತಿಯವರು ತಮ್ಮ ತಮ್ಮ ಹೆಸರಿಗೂ ಇದೇ ಲೆಕ್ಕ ಹಾಕಬಹುದು. ಒತ್ತಕ್ಷರದ ಹೆಸರಿನವರಿಗೆ ಬಿಟ್ಟುಗಳು ಹೆಚ್ಚು.

ಇಂಥ ಬಿಟ್ಟುಗಳನ್ನು ಹೊರಲೆಂದೇ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. ರಸ್ತೆ ಬದಿಯಲ್ಲಿ ಜೆಸಿಬಿ ಅಗೆದಾಗ ಕಾಣುವ ಪ್ಲಾಸ್ಟಿಕ್ ಕೊಳವೆಯೊಳಗೆ ಇರುವುದು ಗಾಜಿನ ಎಳೆ. ಅದರಲ್ಲೂ ನಡೆಯುವುದು ಮಿಣುಕಾಟವೇ. ಅಲ್ಲಿ ಬೆಳಕು ಲೇಸರಿನದು, ಕಣ್ಣಿಗೆ ಕಾಣದ್ದು. 1 ಗಿಗಾಬಿಟ್ ವೇಗದ ಸಂಪರ್ಕವಾದರೆ ಸೆಕೆಂಡಿಗೆ 100 ಕೋಟಿ ಬಿಟ್ಟು. ಬೆಂಗಳೂರು–ಮೈಸೂರು ರೈಲು ಪಾಂಡವಪುರ ಸ್ಟೇಷನ್ನಿನಲ್ಲಿ ನಿಂತಾಗ ಕಾಣುವ ಹಳಿಗಳ ಪಕ್ಕದಲ್ಲೂ ಇಂಥ ಎಳೆಗಳನ್ನು ಹೂಳುವ ಕ್ರಮ ರೈಲ್ವೆಯಲ್ಲಿದೆ. ಅದಕ್ಕೆಂದೇ ರೈಲ್‌ಟೆಲ್ ಎಂಬ ಸರ್ಕಾರಿ ಕಂಪನಿ 2000ದಿಂದ ಕೆಲಸ ಮಾಡುತ್ತಿದೆ. ಇಂಟರ್‌ನೆಟ್ಟು ಆಕಾಶದಿಂದ ಇಳಿಯುತ್ತದೆ ಎಂದುಕೊಂಡ ಮಕ್ಕಳಿಗೆ ಅದು ಕಾಲ ಕೆಳಗೇ ಇದೆ ಎಂದು ತೋರಿಸಿದರೆ ಮುಂದಿನ ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ಮೂರನೆಯ ಪಾಠ ಕಂಪ್ಯೂಟರುಗಳನ್ನು ಜೋಡಿಸುವ ಲ್ಯಾನ್ ಕೇಬಲ್ಲಿನದು. ನೀಲಿ ಕೇಬಲ್ಲಿನ ಹೊದಿಕೆ ಸುಲಿದರೆ ಎಂಟು ಸಣ್ಣ ತಂತಿಗಳು, ನಾಲ್ಕು ಜೋಡಿ. ಪ್ರತಿ ಜೋಡಿಯೂ ಹುರಿಯಂತೆ ಸುತ್ತಿಕೊಂಡಿರುತ್ತದೆ. ಹೊರಗಿನಿಂದ ಬರುವ ವಿದ್ಯುತ್ ಗದ್ದಲ ಎರಡೂ ತಂತಿಗೆ ಸಮನಾಗಿ ತಾಗಿ, ಕೊನೆಯಲ್ಲಿ ಒಂದಕ್ಕೊಂದು ವಜಾ ಆಗಲೆಂದೇ ಆ ಸುತ್ತು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಈ ಸಾಲನ್ನು ಮಕ್ಕಳು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಾರೆ. ತುದಿಗಳನ್ನು ಸಮ ಕತ್ತರಿಸಿ, ಪಾರದರ್ಶಕ ಕನೆಕ್ಟರಿಗೆ ತೂರಿಸಿ, ಕ್ರಿಂಪಿಂಗ್ ಟೂಲಿನಿಂದ ಕಚಕ್ ಎಂದು ಒತ್ತಿ, ಟೆಸ್ಟರಿಗೆ ಸಿಕ್ಕಿಸಬೇಕು. ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹತ್ತಿದರೆ ಗೆದ್ದಂತೆ. ನಾಲ್ಕನೆಯದು ಹತ್ತದಿದ್ದರೆ ನೀಲಿ ತಂತಿ ಒಳಗೆ ಸರಿಯಾಗಿ ಕೂತಿಲ್ಲ. ಕತ್ತರಿಸಿ ಮತ್ತೆ ಮಾಡಬೇಕು.

ಆ ಕೇಬಲ್ಲಿನಿಂದ ಎರಡು ಕಂಪ್ಯೂಟರುಗಳನ್ನು ಜೋಡಿಸಿ, ಒಂದಕ್ಕೆ 192.168.1.10, ಇನ್ನೊಂದಕ್ಕೆ 192.168.1.11 ಎಂದು ವಿಳಾಸ ಕೊಟ್ಟು, ‘ಪಿಂಗ್’ ಎಂಬ ಆದೇಶ ಬರೆದರೆ ಆ ಕಡೆಯಿಂದ ಉತ್ತರ ಬರುತ್ತದೆ, ಎಷ್ಟು ಮಿಲಿಸೆಕೆಂಡಿನಲ್ಲಿ ಬಂತು ಎಂಬ ಲೆಕ್ಕವೂ ಜೊತೆಗೆ. ಇದಕ್ಕೆ ಇಂಟರ್‌ನೆಟ್ಟೇ ಬೇಕಿಲ್ಲ. ಶಾಲೆಯ ಸಂಪರ್ಕ ಕೆಟ್ಟು ತಿಂಗಳಾಗಿದ್ದರೂ ನೆಟ್‌ವರ್ಕಿನ ಪಾಠ ನಿಲ್ಲಬೇಕಾಗಿಲ್ಲ.

ಕಂಪ್ಯೂಟರೂ ಇಲ್ಲದ ಕಡೆ ಚೀಟಿಯಾಟ ಇದೆ. ಐದು ಮಕ್ಕಳು ಐದು ಊರು: ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆ, ನಾಗಮಂಗಲ, ಕೆ.ಆರ್. ಪೇಟೆ. ಒಂದು ವಾಕ್ಯವನ್ನು ನಾಲ್ಕು ಚೀಟಿಗಳಲ್ಲಿ ಹರಿದು ಹಂಚಿ, ಪ್ರತಿ ಚೀಟಿಯ ಮೇಲೂ ಹೊರಟ ಊರು, ಸೇರಬೇಕಾದ ಊರು, ಚೀಟಿಯ ಸಂಖ್ಯೆ ಬರೆಯಬೇಕು. ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆಗೆ ಹೊರಟ ಚೀಟಿಗಳು ಪಾಂಡವಪುರದ ಮೇಲೆ ಹೋಗುತ್ತಿರುವಾಗ ಮೇಷ್ಟ್ರು “ಪಾಂಡವಪುರ ಬಂದ್” ಎಂದು ಕೂಗುತ್ತಾರೆ. ಉಳಿದ ಚೀಟಿಗಳು ನಾಗಮಂಗಲದ ಮೇಲೆ ಸುತ್ತಿ ಬರಬೇಕು. ಮೂರನೆಯ ಚೀಟಿ ಎರಡನೆಯದಕ್ಕಿಂತ ಮೊದಲೇ ತಲುಪುತ್ತದೆ, ಒಂದು ಎಲ್ಲೋ ಕಳೆದುಹೋಗುತ್ತದೆ. ಕೆ.ಆರ್. ಪೇಟೆಯ ಹುಡುಗಿ ಸಂಖ್ಯೆ ನೋಡಿ ಜೋಡಿಸಿ, ಕಳೆದುಹೋದದ್ದನ್ನು ಮತ್ತೆ ಕಳಿಸಿ ಎನ್ನುತ್ತಾಳೆ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಕೂಡ ಹೀಗೇ ಪ್ಯಾಕೆಟ್ಟುಗಳಾಗಿ ಒಡೆದು ಹೋಗಿ, ಆ ತುದಿಯಲ್ಲಿ ಕೂಡಿಕೊಳ್ಳುತ್ತದೆ.

ಇಂಥದ್ದನ್ನು ದೊಡ್ಡದಾಗಿ ಮಾಡಿದವರು ತುಮಕೂರು ಜಿಲ್ಲೆಯಲ್ಲಿದ್ದಾರೆ. ಬೆಂಗಳೂರಿನ ಜನಸ್ತು ಸಂಸ್ಥೆ ದೇವರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಸಮುದಾಯವೇ ನಡೆಸುವ ವೈಫೈ ಮೆಶ್ ಜಾಲವನ್ನು ಕಟ್ಟುವ ಕೆಲಸ ಮಾಡುತ್ತಾ ಬಂದಿದೆ. ಮೆಶ್‌ನಲ್ಲಿ ಪ್ರತಿ ರೂಟರೂ ಪಕ್ಕದ ರೂಟರಿನ ಮಾತನ್ನು ಮುಂದಕ್ಕೆ ದಾಟಿಸುತ್ತದೆ. ವೈಫೈಗೆ ಗುಡ್ಡ ಅಡ್ಡ ಬಂದರೆ ಆಗದು. ಗುಡ್ಡದ ನೆತ್ತಿಯ ಮೇಲೊಂದು ರೂಟರು ಇದ್ದರೆ ಎರಡೂ ಮಗ್ಗುಲಿನ ಊರುಗಳು ಮಾತಾಡಬಹುದು. ಕೈಯಗಲದ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ ಅಲ್ಲಿ ಸರ್ವರಿನ ಕೆಲಸ ಮಾಡುತ್ತದೆ. ಊರಿನವರೇ ಮಾಡಿದ ರೆಕಾರ್ಡಿಂಗುಗಳು ‘ನಮ್ಮ ಹಳ್ಳಿ ರೇಡಿಯೋ’ ಮೂಲಕ ಊರೊಳಗೇ ಹರಿದಾಡುತ್ತವೆ. ಗುಡ್ಡಗಳ ಮಗ್ಗುಲಲ್ಲೇ ಇರುವ ತೊಣ್ಣೂರು, ಮೇಲುಕೋಟೆ ಸೀಮೆಯ ಮಕ್ಕಳು ಇಲ್ಲಿಂದ ಕಲಿಯಬೇಕಾದ್ದು ಸಾಕಷ್ಟಿದೆ.

ಶಾಲೆಗೆ ಕಂಪ್ಯೂಟರು ತರುವ ಪ್ರಯತ್ನ ಹೊಸದಲ್ಲ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ಕೊಡಿಸಲು ಶುರುಮಾಡಿತು. ಕರ್ನಾಟಕದಲ್ಲಿ 2001ರಲ್ಲಿ ಮಾಹಿತಿ ಸಿಂಧು ಯೋಜನೆ ಸುಮಾರು ಸಾವಿರ ಸರ್ಕಾರಿ ಪ್ರೌಢಶಾಲೆಗಳನ್ನು ಮುಟ್ಟಿತು. 2016ರಿಂದ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಆರರಿಂದ ಹನ್ನೆರಡನೇ ತರಗತಿಯವರಿಗೆ ತೆರೆದವು. ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ. ಅದೇ 2016ರಲ್ಲಿ ಬ್ರಿಟನ್ನಿನಲ್ಲಿ ಬಿಬಿಸಿ ‘ಮೈಕ್ರೋಬಿಟ್’ ಎಂಬ ಪುಟ್ಟ ಬೋರ್ಡನ್ನು 11–12 ವರ್ಷದ ಸುಮಾರು 10 ಲಕ್ಷ ಮಕ್ಕಳಿಗೆ ಉಚಿತವಾಗಿ ಹಂಚಿತು. ಅದರಲ್ಲಿ 25 ಎಲ್‌ಇಡಿ, ಎರಡು ಗುಂಡಿ, ಒಂದು ಬೋರ್ಡು ಇನ್ನೊಂದರ ಜೊತೆ ಮಾತಾಡಲು ರೇಡಿಯೋ. ದೀಪ ಹತ್ತಿಸುವುದು, ಸಂದೇಶ ಕಳಿಸುವುದು ಎರಡನ್ನೂ ಒಂದೇ ಪಾಠ ಮಾಡಿದ್ದು ಅದರ ಜಾಣತನ.

ಕನ್ನಡದಲ್ಲಿ ಇದೆಲ್ಲ ಆದೀತೇ ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳ ಸರ್ಕಾರದ ‘ಕೈಟ್’ ಸಂಸ್ಥೆ 2018ರಲ್ಲಿ ಪ್ರೌಢಶಾಲೆಗಳಲ್ಲಿ ‘ಲಿಟ್ಲ್ ಕೈಟ್ಸ್’ ಎಂಬ ಕೂಟಗಳನ್ನು ಶುರುಮಾಡಿತು. ಎಂಟನೇ ತರಗತಿಯಲ್ಲಿ ಪರೀಕ್ಷೆ ಇಟ್ಟು ಒಂದು ಕೂಟಕ್ಕೆ 20ರಿಂದ 40 ಮಕ್ಕಳನ್ನು ಆರಿಸುತ್ತಾರೆ. ಆರ್ಡುಯಿನೋ ಬೋರ್ಡು, ಸೆನ್ಸರು, ಸಣ್ಣ ಮೋಟರುಗಳಿರುವ ಕಿಟ್‌ಗಳು ಶಾಲೆಗಳಿಗೆ ಹೋಗಿವೆ. 2025ರಲ್ಲಿ ಹತ್ತನೇ ತರಗತಿಯ ಎಲ್ಲ ಮಕ್ಕಳ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪುಸ್ತಕಕ್ಕೆ ರೋಬಾಟಿಕ್ಸ್ ಪಾಠವೂ ಸೇರಿತು. ಆ ಪಠ್ಯಪುಸ್ತಕಗಳು ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲೇ ಸಿಗುತ್ತವೆ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಒದಗಿದ್ದು ಮಂಡ್ಯದ ನಡುವಿನ ಮಕ್ಕಳಿಗೆ ಒದಗಲಾರದೇ?

ಎಂಜಿನಿಯರಿಂಗ್ ಓದದ ಮೇಷ್ಟ್ರು ಇದನ್ನು ಕಲಿಸಲು ಹಿಂಜರಿಯುವುದು ಸಹಜ. ಅವರಿಗೆ ಇದೇ ಸೀಮೆಯ ಒಂದು ಸಂಗತಿ ಹೇಳಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕರೆಂಟು ಹರಿದದ್ದು ಎಂಜಿನಿಯರುಗಳ ಕೆಲಸ. ಆದರೆ 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್‌ನ ಟ್ರಾನ್ಸ್‌ಮಿಟರಿನಿಂದ ಬಾನುಲಿ ಪ್ರಸಾರ ಶುರುಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ನಿಲಯದ್ದು. ಆಮೇಲೆ ದೇಶದ ಬಾನುಲಿಗೇ ಅದು ಹೆಸರಾಯಿತು.

ಎಚ್ಚರದ ಮಾತೂ ಒಂದಿಷ್ಟು ಇದೆ. ಮಕ್ಕಳ ಪ್ರಯೋಗ ಬ್ಯಾಟರಿಯ 9 ವೋಲ್ಟನ್ನು ಮೀರಬಾರದು. ಗೋಡೆಯ ಪ್ಲಗ್ಗಿನ 230 ವೋಲ್ಟು, ಪಂಪ್‌ಸೆಟ್ಟಿನ 415 ವೋಲ್ಟು ನೋಡಿ ತಿಳಿಯಲು ಮಾತ್ರ. ಮುಟ್ಟಲು ಅಲ್ಲವೇ ಅಲ್ಲ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬಾರದು, ಬೆಂಕಿ ಹತ್ತುತ್ತದೆ. ಡಬ್ಬಿಯಂಥ ಹಳೆಯ ಟೀವಿಯನ್ನು ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಜೀವ ತೆಗೆಯುವಷ್ಟು ವೋಲ್ಟೇಜು ಉಳಿದಿರಬಹುದು. ಬಿಚ್ಚಿ ನೋಡಲು ಹಾಳಾದ ರಿಮೋಟು, ಕೀಬೋರ್ಡು, ಮೌಸು ಒಳ್ಳೆಯವು, ಅವುಗಳ ಬ್ಯಾಟರಿ ಮೊದಲು ತೆಗೆದಿದ್ದರೆ ಸಾಕು.

ಸರ್ಕಾರಿ ಶಾಲೆಗಳಲ್ಲಿ ತಿಂಗಳಿಗೊಂದು ‘ಸಂಭ್ರಮ ಶನಿವಾರ’ ಇದೆ, ಅಂದು ಮಕ್ಕಳಿಗೆ ಬ್ಯಾಗಿನ ಭಾರ ಇಲ್ಲ. ಮೊದಲ ಶನಿವಾರಕ್ಕೆ ಎಲ್‌ಇಡಿ, ಎರಡನೆಯದಕ್ಕೆ ವರಾಂಡದ ಮಿಣುಕು, ಮೂರನೆಯದಕ್ಕೆ ಕೇಬಲ್ಲು, ನಾಲ್ಕನೆಯದಕ್ಕೆ ಚೀಟಿಯಾಟ ಇಟ್ಟುಕೊಂಡರೆ ಅರ್ಧ ವರ್ಷದೊಳಗೆ ಮೊದಲ ಸುತ್ತು ಮುಗಿಯುತ್ತದೆ. ರೆಸಿಸ್ಟರು, ಎಲ್‌ಇಡಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಗಟಿಗೆ ಸಿಗುತ್ತವೆ. ಊರಿನಿಂದ ಬೆಂಗಳೂರಿಗೆ ಹೋಗಿ ಬರುವವರು ಯಾರಾದರೂ ಇದ್ದೇ ಇರುತ್ತಾರೆ. ತುಂಡು ಲ್ಯಾನ್ ಕೇಬಲ್ಲನ್ನು ಇಂಟರ್‌ನೆಟ್ ಹಾಕುವ ಹುಡುಗರು ಕೇಳಿದರೆ ಕೊಡುತ್ತಾರೆ. ಐದನೆಯ ಶನಿವಾರ ಎಂಟನೇ ತರಗತಿಯವರು ಕಾಗದ, ಪೆನ್ಸಿಲ್ ಹಿಡಿದು ಊರು ಸುತ್ತಲಿ. ಫೈಬರು ಯಾವ ರಸ್ತೆಯಿಂದ ಊರೊಳಗೆ ಬಂದಿದೆ, ಟವರು ಎಲ್ಲಿದೆ, ಡೇರಿಯ ಕಂಪ್ಯೂಟರಿಗೆ ಸಂಪರ್ಕ ಎಲ್ಲಿಂದ, ಯಾವ ಬೀದಿಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಅಲ್ಲಿ ಅಡ್ಡ ನಿಂತಿರುವುದು ಗುಡ್ಡವೋ ತೋಪೋ ಎಂದು ನಕ್ಷೆ ಬರೆಯಲಿ. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಗೋಡೆಗೆ ಆ ನಕ್ಷೆಯನ್ನು ತೂಗುಹಾಕಿದರೆ, ಹೊಸ ಫೈಬರು, ಹೊಸ ಟವರು ಬಂದಂತೆ ಮುಂದಿನ ವರ್ಷದ ಮಕ್ಕಳು ಅದನ್ನು ತಿದ್ದಿಕೊಳ್ಳುತ್ತಾರೆ.